ಹದಿನಾರು-ಹದಿನೇಳು

ಹನ್ನೊಂದು ನಿಮಿಷ. ವಾಚು ಹಿಡಿದು ನೋಡಿದ್ದೇನೆ.
ಅಷ್ಟರಲ್ಲಿ ಎರಡೂವರೆ ಸಾಲು ಎಳೆಯುತ್ತದೆ,
ಹುಣಸೆಮರದ ತಿರುವಿಗೆ ಬಂತು ಅನ್ನುವಾಗ
ಊಟದ ನಡುವೆ ಏನೋ ನೆನಪಾದವನ ಹಾಗೆ
ತಡೆದು, ತಡೆದು,
ನಿಂತುಬಿಡುತ್ತದೆ.

ಅರ್ಧ ಗಂಟೆ ಅದರ ಪಾಡಿಗೆ ಬಿಟ್ಟರೆ
ಏನೂ ಆಗದಂತೆ ಮತ್ತೆ ಸ್ಟಾರ್ಟು.
ಮತ್ತೆ ಹನ್ನೊಂದು ನಿಮಿಷ.

ಅಪ್ಪ ತಂದ ಎಚ್ಚೆಮ್ಟಿ, ಎಪ್ಪತ್ತೊಂಬತ್ತರ ಮಾಡೆಲು.
ಭರಣಿಯ ಹದ ಇನ್ನೆರಡು ದಿನ ಇದ್ದರೆ ಹೆಚ್ಚು.
ಜಗಲಿಯ ಗೋಣಿತಾಟಿನ ಮೇಲೆ
ಹೋಳು ಮಾಡಿ ಬೂದಿ ಸವರಿದ ಬಿತ್ತನೆ ಆಲೂಗಡ್ಡೆ
ಇದ್ದಬದ್ದ ಕಣ್ಣೆಲ್ಲ ಬಿಟ್ಟು
ನನ್ನನ್ನೇ ನೋಡುತ್ತಿವೆ.

ದುದ್ದದಿಂದ ಬಂದ ಫಯಾಜು ಹೊಗೆ ನೋಡಿದ.
ಕಪ್ಪಲ್ಲ, ನೀಲಿಯೂ ಅಲ್ಲ.
ಎಣ್ಣೆಯ ಕಡ್ಡಿ ಒರೆಸಿದ, ಮೂಸಿದ,
'ಗಾಳಿ ಹಿಡಿದದೆ ಗೌಡ್ರೆ' ಅಂದ.
ಅವ್ವ ಒಲೆಯ ಮುಂದಿಂದಲೇ ಕೇಳಿದಳು:
'ಯಾವ ಹೊತ್ನಲ್ಲಿ ಹಿಡೀತು? ಬಾವಿ ಕಡೆ ನಿಲ್ಲಿಸಿದ್ರಾ?'
ಅವನು ನಗಲಿಲ್ಲ. ಫಿಲ್ಟರಿನ ನೆತ್ತಿಯ ಸ್ಕ್ರೂ ಸಡಿಲಿಸಿ
ಪಂಪು ಒತ್ತಿದ, ಒತ್ತಿದ. ನೊರೆ,
ನೊರೆ, ಮತ್ತೂ ನೊರೆ, ಆಮೇಲೆ
ಬೊಗಸೆಯ ನೀರಿನಂಥ ಡೀಸೆಲ್ಲು.
ಇನ್ನೂರೈವತ್ತು ಇಸಿದುಕೊಂಡು ಹೋದ.
ಬೈಕು ದುದ್ದ ಮುಟ್ಟಿತೋ ಇಲ್ಲವೋ,
ಹುಣಸೆಮರ.

ಫೋನಿಗೆ ಸಿಕ್ಕಾಗ ಕಟ್ಟಾಯದಲ್ಲಿದ್ದ.
'ಇಂಜೆಕ್ಟರ್ ಪೈಪಿನ ನಟ್ಟು ಸಡಿಲಿಸಿ ನೋಡಿ,
ಹದಿನಾರು-ಹದಿನೇಳು ಇದ್ದೇ ಇರ್ತದಲ್ಲ.'

ಇದ್ದೇ ಇತ್ತು.
ಪಾಲಾದ ದಿನ ಟ್ರ್ಯಾಕ್ಟರು ನನಗೆ ಬರೆದರು,
ಟ್ರೇಲರು ತಮ್ಮ ಕಾಳಿಂಗನಿಗೆ.
ಸ್ಪಾನರಿನ ಪೆಟ್ಟಿಗೆ ಟ್ರೇಲರಿನ ಮೂಲೆಯಲ್ಲಿತ್ತು.
ಯಾರಿಗೂ ಹೊಳೆಯಲಿಲ್ಲ.
ಹೊಳೆದ ನಾನು ಬಾಯಿ ಬಿಡಲಿಲ್ಲ.
ಏಳು ವರ್ಷವಾಯಿತು, ಇನ್ನೂ ಬಿಟ್ಟಿಲ್ಲ.

ಮಗಳನ್ನು ಕಳಿಸಿದೆ: 'ನಾನು ಕೇಳಿದೆ ಅನ್ನಬೇಡ.'
ಹೋದವಳು ಹೇಳಿದಳಂತೆ,
'ಚಿಕ್ಕಪ್ಪ, ಅಪ್ಪ ಕೇಳ್ತು ಅನ್ನಬೇಡ ಅಂದ್ರು.'

ಹಳೇ ಪಂಚೆಯ ತುಂಡಿನಲ್ಲಿ ಸುತ್ತಿಕೊಂಡು ಬಂತು.
ಅಪ್ಪ ಕುಲುಮೆಯಲ್ಲಿ ಕಾಯಿಸಿ ಬಗ್ಗಿಸಿದ ಅದೇ ಹಿಡಿ.
ಒಂದು ಚುಕ್ಕಿ ತುಕ್ಕಿಲ್ಲ.
ಟ್ರೇಲರಿನಲ್ಲಿ ಅದು ಹಿಡಿಯುವ ನಟ್ಟೇ ಇಲ್ಲ,
ಯಾತಕ್ಕೆ ಎಣ್ಣೆ ಸವರುತ್ತಿದ್ದನೋ.

ಹಿಂದೆಯೇ ಅವನೂ ಬಂದ.
ಬದುವಿನ ಆಚೆ, ಅವನ ಮಣ್ಣಿನಲ್ಲೇ ನಿಂತ.
ನಾನು ನಟ್ಟಿಗೆ ಹಿಡಿ ಕಚ್ಚಿಸುವ ಹೊತ್ತಿಗೆ
ಮಗಳಿಗೆ ಹೇಳಿದ, ನನಗೆ ಕೇಳುವಷ್ಟು ಗಟ್ಟಿ:
'ನಿಂತೇಟ್ಗೆ ಟ್ಯಾಂಕಿನ ಮುಚ್ಚಳ ಬಿಚ್ಚಬೇಕು ಕಣವ್ವ,
ಬಿಚ್ಚಿ, ಕಿವಿ ಕೊಡಬೇಕು.'

ಹನ್ನೊಂದು ನಿಮಿಷ. ಹುಣಸೆಮರ.
ಮುಚ್ಚಳ ತಿರುಗಿಸಿದೆ.
ಸ್ಸ್ ಅಂತು.
ಹೊರಗೆ ಬಿಟ್ಟದ್ದಲ್ಲ, ಒಳಗೆ ಎಳೆದುಕೊಂಡದ್ದು,
ಕೆರೆಯಲ್ಲಿ ಮುಳುಗಿ ಎದ್ದ ಹುಡುಗ
ಮೊದಲು ಎಳೆಯುತ್ತಾನಲ್ಲ, ಹಾಗೆ.

ಮುಚ್ಚಳದ ನೆತ್ತಿಯಲ್ಲಿ ಬೆಂಕಿಕಡ್ಡಿ ಗಾತ್ರದ ತೂತು,
ಗಾಳಿಗೆಂದು ಬಿಟ್ಟದ್ದು.
ಅದರೊಳಗೆ ಕಡಜ ಮಣ್ಣು ಮೆತ್ತಿತ್ತು.
ಮಗಳ ಹೇರ್‌ಪಿನ್ನಿನಿಂದ ಕೆದಕಿದರೆ ಮೊದಲು ಮಣ್ಣು,
ಆಮೇಲೆ ಒಂದು ಹಸಿರು ಹುಳ,
ಸತ್ತಿರಲಿಲ್ಲ, ಮಿಸುಕುತ್ತಲೂ ಇರಲಿಲ್ಲ.
ಗಾಳಿ ಹಿಡಿದದ್ದಲ್ಲ.
ಗಾಳಿ ಸಿಗದೆ ಹೋದದ್ದು.

ತಲೆ ಎತ್ತಿದಾಗ ಅವನು ಇರಲಿಲ್ಲ.
ಎರಡು ದಿನ ಬದುವಿನಾಚೆ ಕಳೆ ಕೀಳುತ್ತಾ
ಲೆಕ್ಕ ಇಟ್ಟಿದ್ದಾನೆ: ಹನ್ನೊಂದು, ಮೂವತ್ತು, ಹನ್ನೊಂದು.
ಮೊದಲ ದಿನವೇ ಗೊತ್ತಾಗಿರಬೇಕು.
ಗೊತ್ತಾಗಿಯೂ ಎರಡು ದಿನ!
ಸಿಟ್ಟು ಬಂತು. ಹೇಳಬೇಕು ಅನ್ನುವಷ್ಟು ಬಂತು.

ರಾತ್ರಿ ಒಂದೇ ಕಣ್ಣಿನ ಲೈಟಿನಲ್ಲಿ ಸಾಲು ಮುಗಿಸಿದೆ.
ಹುಣಸೆಮರ ದಾಟುವಾಗೆಲ್ಲ
ಕಾಲು ತಾನಾಗಿ ಕ್ಲಚ್ಚಿನ ಮೇಲೆ ಹೋಗುತ್ತಿತ್ತು.

ಸ್ಪಾನರು ಸೀಟಿನ ಕೆಳಗಿದೆ.
ನಾನು ಕಳಿಸಿಲ್ಲ. ಅವನು ಕೇಳಿ ಕಳಿಸಿಲ್ಲ.
ಇಬ್ಬರ ಪತ್ರದಲ್ಲೂ
ಅದರ ಹೆಸರಿಲ್ಲ.